ಉಕ್ಕಿನ ಹದ

ಮಕ್ಕಳೇ, 'ಹದ' ಎಂಬ ಮಾತನ್ನು ನೀವು ಮನೆಯಲ್ಲಿ ದಿನವೂ ಕೇಳುತ್ತೀರಿ. ಅಮ್ಮ ರೊಟ್ಟಿಯ ಹಿಟ್ಟನ್ನು ಹದವಾಗಿ ನಾದುತ್ತಾರೆ. ಮಳೆ ಬಂದು ಎರಡು ದಿನವಾದ ಮೇಲೆ, "ನೆಲ ಹದಕ್ಕೆ ಬಂದಿದೆ" ಎಂದು ಅಪ್ಪ ಹೊಲಕ್ಕೆ ಹೊರಡುತ್ತಾರೆ. ಹಿಟ್ಟಿಗೆ ಹದವಿದೆ, ನೆಲಕ್ಕೆ ಹದವಿದೆ. ಹಾಗಾದರೆ ಉಕ್ಕಿಗೂ ಹದ ಉಂಟೆ? ಉಂಟು. ಅದನ್ನು ತಿಳಿಯದೆ ಉಕ್ಕಿಗೆ ಒಂದು ಚಿಕ್ಕ ತೂತು ಹಾಕುವುದೂ ಕಷ್ಟ. ಹೇಗೆಂದು ಈ ಪಾಠದಲ್ಲಿ ನೋಡೋಣ.

ಮುರಿದ ಬೈರಿಗೆ

ಇಟಿಕ್ಯಾಲ ಜೋಗುಲಾಂಬ ಗದ್ವಾಲ ಜಿಲ್ಲೆಯ ಒಂದು ಮಂಡಲ ಕೇಂದ್ರ. ಉತ್ತರಕ್ಕೆ ಕೃಷ್ಣಾ ನದಿ, ದಕ್ಷಿಣಕ್ಕೆ ತುಂಗಭದ್ರಾ ನದಿ. ಎರಡು ನದಿಗಳ ನಡುವಿನ ಈ ನಾಡನ್ನು 'ನಡಿಗಡ್ಡ' ಎಂದು ಕರೆಯುತ್ತಾರೆ. ಇಲ್ಲಿಯ ರೈತರು ಹತ್ತಿ, ಶೇಂಗಾ, ಭತ್ತ ಮೊದಲಾದ ಬೆಳೆಗಳನ್ನು ಬೆಳೆಯುತ್ತಾರೆ.

ನೀವು ಇಟಿಕ್ಯಾಲದ ಒಂದು ರೈತನ ಮನೆಯಲ್ಲಿ ಇದ್ದೀರಿ ಎಂದು ಕಲ್ಪಿಸಿಕೊಳ್ಳಿರಿ. ಈಗ ಜುಲೈ ತಿಂಗಳು. ಹತ್ತಿಯ ಸಾಲುಗಳ ನಡುವೆ ಕಳೆ ಎದ್ದಿದೆ. ನೆಲ ಹದವಾಗಿದೆ. ಇಂದೋ ನಾಳೆಯೋ ಕಳೆ ತೆಗೆಯಬೇಕು. ಮತ್ತೆ ಮಳೆ ಹಿಡಿದರೆ ಹೊಲದಲ್ಲಿ ಕಾಲಿಡಲಾಗದು. ಆಗ ಕಳೆಯೇ ಬೆಳೆಯನ್ನು ನುಂಗುತ್ತದೆ.

ನಿಮ್ಮ ಮನೆಯಲ್ಲಿ ಸೈಕಲ್ ಕುಂಟೆ ಇದೆ. ಹಳೆಯ ಸೈಕಲ್ಲಿನ ಗಾಲಿಗೆ ಹಿಡಿ ಜೋಡಿಸಿ, ಕೆಳಗೆ ಒಂದು ಅಲಗು ಕಟ್ಟಿದರೆ ಅದೇ ಸೈಕಲ್ ಕುಂಟೆ. ಒಬ್ಬರೇ ತಳ್ಳಿಕೊಂಡು ಸಾಲಿನ ನಡುವೆ ಹೋಗಬಹುದು. ಆದರೆ ಅದರ ಅಲಗು ಸವೆದು ಮುರಿದಿದೆ.

ಅಪ್ಪ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸಾಮಾನುಗಳನ್ನು ಹುಡುಕುತ್ತಾರೆ. ಆ ಕೊಟ್ಟಿಗೆಯೇ ಅವರ ಚಿಕ್ಕ ಕೆಲಸದ ಮನೆ. ಅಲ್ಲಿ ಸುತ್ತಿಗೆ, ಅರ, ಇಕ್ಕಳ, ಕರೆಂಟಿನಿಂದ ತಿರುಗುವ ಬೈರಿಗೆ ಎಲ್ಲವೂ ಇವೆ. ಒಂದು ಮೂಲೆಯಲ್ಲಿ ಹಳೆಯ ಗಾಡಿಯ ಸ್ಪ್ರಿಂಗ್ ಪಟ್ಟಿಯ ತುಂಡು ಸಿಗುತ್ತದೆ. ಆರು ಮಿಲಿಮೀಟರ್ ದಪ್ಪದ ಒಳ್ಳೆಯ ಉಕ್ಕು. "ಇದಕ್ಕೆ ಎರಡು ತೂತು ಹಾಕಿ ಬೋಲ್ಟು ಬಿಗಿದರೆ ಸಾಕು, ಹೊಸ ಅಲಗು ಸಿದ್ಧ" ಎನ್ನುತ್ತಾರೆ ಅಪ್ಪ.

ಬೈರಿಗೆ ತಿರುಗುತ್ತದೆ. 'ಕಿರ್ರ್' ಎಂದು ಕಿವಿಗೆ ಚುಚ್ಚುವ ಸದ್ದು ಬರುತ್ತದೆ. ಆದರೆ ಉಕ್ಕಿನಿಂದ ಒಂದು ಚೂರು ಪುಡಿಯೂ ಏಳುವುದಿಲ್ಲ. ಅಪ್ಪ ಇನ್ನೂ ಬಲವಾಗಿ ಒತ್ತುತ್ತಾರೆ. ಹೊಗೆ ಬರುತ್ತದೆ. ಬೈರಿಗೆಯ ಮೊನೆ ನೀಲಿಗಟ್ಟುತ್ತದೆ. ಇನ್ನೊಮ್ಮೆ ಒತ್ತಿದಾಗ 'ಟಕ್' ಎಂದು ಮೊನೆ ಮುರಿದು, ಅದರ ತುಂಡು ಗೋಡೆಗೆ ಬಡಿಯುತ್ತದೆ. ಪುಣ್ಯಕ್ಕೆ ಅಪ್ಪ ಕನ್ನಡಕ ಹಾಕಿಕೊಂಡಿದ್ದರು!

ಪಟ್ಟಿಯನ್ನು ನೋಡಿದರೆ ತೂತು ಇಲ್ಲ. ಹೊಳೆಯುವ ಒಂದು ಚುಕ್ಕಿ ಮಾತ್ರ ಇದೆ. ಅಪ್ಪನ ಬಲ ಎಲ್ಲಿಗೆ ಹೋಯಿತು?

ಯಾವುದು ಯಾವುದನ್ನು ಕೊರೆಯುತ್ತದೆ?

ಮಕ್ಕಳೇ, ಒಂದು ಚಿಕ್ಕ ಪರೀಕ್ಷೆ ಮಾಡಿರಿ. ಸಾಬೂನನ್ನು ಉಗುರಿನಿಂದ ಗೀರಿರಿ. ಗೆರೆ ಬೀಳುತ್ತದೆ. ಅಂಗಳದ ಕಲ್ಲನ್ನು ಉಗುರಿನಿಂದ ಗೀರಿರಿ. ಗೆರೆ ಬೀಳುವುದಿಲ್ಲ, ಉಗುರೇ ಸವೆಯುತ್ತದೆ. ಉಗುರು ಸಾಬೂನಿಗಿಂತ ಗಟ್ಟಿ, ಕಲ್ಲಿಗಿಂತ ಮೆದು. ಗಟ್ಟಿಯಾದದ್ದು ಮೆದುವಾದದ್ದನ್ನು ಕೊರೆಯುತ್ತದೆ. ಮೆದುವಾದದ್ದು ಗಟ್ಟಿಯಾದದ್ದನ್ನು ಕೊರೆಯಲಾರದು.

ಬೈರಿಗೆಯ ಮೊನೆಗೂ ಇದೇ ನಿಯಮ. ಮೊನೆ ಮರಕ್ಕಿಂತ ಗಟ್ಟಿ. ಆದುದರಿಂದ ಮರವನ್ನು ಸುಲಭವಾಗಿ ಕೊರೆಯುತ್ತದೆ. ಸಾಧಾರಣ ಕಬ್ಬಿಣವನ್ನೂ ಕೊರೆಯುತ್ತದೆ. ಆದರೆ ಸ್ಪ್ರಿಂಗ್ ಪಟ್ಟಿಯನ್ನು ಕಾರ್ಖಾನೆಯಲ್ಲಿ ಗಡಸು ಮಾಡಿರುತ್ತಾರೆ. ಗಾಡಿಯ ಭಾರವನ್ನೆಲ್ಲ ಅದು ಹೊರಬೇಕಲ್ಲವೆ? ಇಂತಹ ಉಕ್ಕಿನ ಮೇಲೆ ಬೈರಿಗೆ ಜೋರಾಗಿ ತಿರುಗಿದರೆ ಮೊನೆ ಕೊರೆಯುವುದಿಲ್ಲ, ಬರಿದೆ ಉಜ್ಜುತ್ತದೆ. ಉಜ್ಜಿದರೆ ಬಿಸಿಯಾಗುತ್ತದೆ. ಬಿಸಿಯಾದರೆ ಹರಿತ ಹೋಗುತ್ತದೆ. ಹರಿತ ಹೋದ ಮೊನೆಯನ್ನು ಮತ್ತೆ ಒತ್ತಿದರೆ ಮುರಿಯುತ್ತದೆ. ಮೊನೆ ಎಷ್ಟು ಸಣ್ಣದೋ ಅಷ್ಟು ಬೇಗ ಮುರಿಯುತ್ತದೆ.

ಆದುದರಿಂದ ಇಲ್ಲಿ ಬಲ ಹೆಚ್ಚಿಸಿದರೆ ಕೆಲಸವಾಗದು. ಎರಡೇ ದಾರಿಗಳಿವೆ. ಒಂದು, ಉಕ್ಕನ್ನು ಮೆದು ಮಾಡಬೇಕು. ಇಲ್ಲವೆ, ಅದಕ್ಕಿಂತ ಬಹಳ ಗಟ್ಟಿಯಾದ ಮೊನೆಯನ್ನು ತರಬೇಕು.

ಕುಲುಮೆಯ ಬಳಿ

ನೀವು ಅಪ್ಪನ ಜೊತೆ ಊರಿನ ಕಮ್ಮಾರ ತಾತನ ಬಳಿಗೆ ಹೋಗುತ್ತೀರಿ. ಬೇವಿನ ಮರದ ಕೆಳಗೆ ಕುಲುಮೆ ಇದೆ. ತಾತ ಪಟ್ಟಿಯ ಮೇಲಿನ ಹೊಳೆಯುವ ಚುಕ್ಕಿಯನ್ನು ನೋಡಿ ನಗುತ್ತಾರೆ.

"ಕಾಕಾ, ಹೊಸ ಬೈರಿಗೆಯೇ ಮುರಿಯಿತು ನೋಡಿರಿ" ಎನ್ನುತ್ತಾರೆ ಅಪ್ಪ.

"ತಮ್ಮಾ, ನೀನು ಗಡಸು ಉಕ್ಕಿನ ಜೊತೆ ಜಗಳಕ್ಕೆ ಹೋಗಿದ್ದೀಯೆ. ಮೊದಲು ಅದರ ಗಡಸು ಇಳಿಸು. ತೂತು ಹಾಕು. ಆಮೇಲೆ ಮತ್ತೆ ಗಡಸು ಏರಿಸು" ಎನ್ನುತ್ತಾರೆ ತಾತ.

"ಗಡಸನ್ನು ಇಳಿಸಲು, ಏರಿಸಲು ಬರುತ್ತದೆಯೆ ತಾತಾ?" ಎಂದು ನೀವು ಕೇಳುತ್ತೀರಿ.

"ಕುಳಿತು ನೋಡು ಮಗು. ಆದರೆ ಅಲ್ಲಿ, ಆ ಕಲ್ಲಿನ ಆಚೆ ಕುಳಿತುಕೋ. ಕಿಡಿ ಹಾರುತ್ತದೆ."

ತಾತ ಪಟ್ಟಿಯನ್ನು ಬೆಂಕಿಯಲ್ಲಿ ಇಡುತ್ತಾರೆ. ಅದು ಮೊದಲು ಮಂಕಾದ ಕೆಂಪು, ಆಮೇಲೆ ಹೊಳಪಾದ ಕೆಂಪು ಆಗುತ್ತದೆ. ಇಕ್ಕಳದಿಂದ ಹಿಡಿದು ಅಡಿಗಲ್ಲಿನ ಮೇಲೆ ಇಟ್ಟು, ಸುತ್ತಿಗೆಯಿಂದ ಬಡಿದು ಒಂದು ಅಂಚನ್ನು ತೆಳ್ಳಗೆ ಮಾಡುತ್ತಾರೆ. ಮತ್ತೆ ಬೆಂಕಿಗೆ ಇಡುತ್ತಾರೆ. ಈಗ ಒಂದು ಅಯಸ್ಕಾಂತವನ್ನು ಕಂಬಿಗೆ ಕಟ್ಟಿ ಪಟ್ಟಿಗೆ ತಾಗಿಸುತ್ತಾರೆ. ಆಶ್ಚರ್ಯ! ಉಕ್ಕಿಗೆ ಅಂಟಬೇಕಾದ ಅಯಸ್ಕಾಂತ ಅಂಟುವುದೇ ಇಲ್ಲ.

"ಬಿಸಿ ಸಾಕಷ್ಟು ಏರಿದೆ ಎಂಬುದಕ್ಕೆ ಇದೇ ಗುರುತು" ಎನ್ನುತ್ತಾರೆ ತಾತ.

ಹೌದು ಮಕ್ಕಳೇ. ಕಬ್ಬಿಣವು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಇದು ಅದರ ಏಳು ಪಟ್ಟಿಗಿಂತಲೂ ಹೆಚ್ಚು!

ತಾತ ಕೆಂಡದಂತಹ ಪಟ್ಟಿಯನ್ನು ನೀರಿಗೆ ಹಾಕುವುದಿಲ್ಲ. ಒಣ ಬೂದಿಯ ಗುಂಡಿಯಲ್ಲಿ ಹೂತುಬಿಡುತ್ತಾರೆ. "ಬೆಳಗಿನವರೆಗೆ ಮುಟ್ಟಬೇಡಿರಿ. ಅದು ಎಷ್ಟು ನಿಧಾನವಾಗಿ ಆರುತ್ತದೋ ಅಷ್ಟು ಮೆದುವಾಗುತ್ತದೆ" ಎನ್ನುತ್ತಾರೆ.

ಒಂದು ದಿನ ಹೋಯಿತಲ್ಲ ಎಂದು ಅಪ್ಪನಿಗೆ ಚಿಂತೆ. ಆಕಾಶದಲ್ಲಿ ಮೋಡ ಕಟ್ಟಿದೆ. ಆದರೂ ಕಾಯಲೇಬೇಕು.

ಮೂರು ಮಿಲಿಮೀಟರ್ ತೂತು

ಮರುದಿನ ಬೆಳಿಗ್ಗೆ ಪಟ್ಟಿ ತಣ್ಣಗಾಗಿದೆ. ತಾತ ಅದರ ಮೇಲೆ ಅರವನ್ನು ಉಜ್ಜುತ್ತಾರೆ. ಅರ ಕಚ್ಚುತ್ತದೆ, ಪುಡಿ ಉದುರುತ್ತದೆ. "ಇನ್ನು ನಿನ್ನ ಬೈರಿಗೆ ತಾ" ಎನ್ನುತ್ತಾರೆ. ಮನೆಗೆ ಬಂದ ಅಪ್ಪ ಈ ಸಲ ಅವಸರ ಮಾಡುವುದಿಲ್ಲ. ಅವರು ಮಾಡುವುದನ್ನು ಕ್ರಮವಾಗಿ ನೋಡಿರಿ.

ಒಂದು: ಪಟ್ಟಿಯನ್ನು ಕೈಯಲ್ಲಿ ಹಿಡಿಯದೆ ವೈಸಿನಲ್ಲಿ ಬಿಗಿಯುತ್ತಾರೆ. ಬೈರಿಗೆ ಸಿಕ್ಕಿಕೊಂಡರೆ ಕೈಯಲ್ಲಿರುವ ಪಟ್ಟಿ ಗಿರ್ರನೆ ತಿರುಗಿ ಬೆರಳು ಕತ್ತರಿಸಬಹುದು.

ಎರಡು: ತೂತು ಬೇಕಾದ ಕಡೆ ಪಂಚು ಇಟ್ಟು ಸುತ್ತಿಗೆಯಿಂದ ಹೊಡೆದು ಚಿಕ್ಕ ಗುಳಿ ಮಾಡುತ್ತಾರೆ. ಗುಳಿ ಇಲ್ಲದಿದ್ದರೆ ಮೊನೆ ಜಾರುತ್ತದೆ.

ಮೂರು: ಮೊದಲು ಮೂರು ಮಿಲಿಮೀಟರ್‌ನ ಸಣ್ಣ ತೂತು ಹಾಕುತ್ತಾರೆ. ಆಮೇಲೆ ಅದೇ ತೂತಿನಲ್ಲಿ ದೊಡ್ಡ ಮೊನೆಯನ್ನು ಇಳಿಸಿ ಬೋಲ್ಟು ಹಿಡಿಸುವಷ್ಟು ಅಗಲ ಮಾಡುತ್ತಾರೆ. ಸಣ್ಣ ತೂತು ದೊಡ್ಡ ಮೊನೆಗೆ ದಾರಿ ತೋರಿಸುತ್ತದೆ.

ನಾಲ್ಕು: ಬೈರಿಗೆಯನ್ನು ನಿಧಾನವಾಗಿ ತಿರುಗಿಸುತ್ತಾರೆ. ಆಗಾಗ ಒಂದು ಹನಿ ಎಣ್ಣೆ ಬಿಡುತ್ತಾರೆ. ಎಣ್ಣೆ ಬಿಸಿಯನ್ನು ತಗ್ಗಿಸುತ್ತದೆ, ಉಜ್ಜಾಟವನ್ನು ಕಡಿಮೆ ಮಾಡುತ್ತದೆ. ನಡುನಡುವೆ ಮೊನೆಯನ್ನು ಮೇಲೆತ್ತಿ, ಬೈರಿಗೆ ನಿಲ್ಲಿಸಿ, ಪುಡಿಯನ್ನು ಕುಂಚದಿಂದ ತೆಗೆಯುತ್ತಾರೆ.

ಐದು: ಮೊನೆ ಆಚೆ ಬದಿಗೆ ಬರುವಾಗ ಒತ್ತುವುದನ್ನು ಕಡಿಮೆ ಮಾಡುತ್ತಾರೆ. ಸಣ್ಣ ಮೊನೆಗಳು ಹೆಚ್ಚಾಗಿ ಮುರಿಯುವುದು ಈ ಕೊನೆಯ ಗಳಿಗೆಯಲ್ಲಿಯೇ.

ಈಗ 'ಕಿರ್ರ್' ಸದ್ದಿಲ್ಲ. ಉಕ್ಕು ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎರಡು ತೂತುಗಳೂ ಮುಗಿಯುತ್ತವೆ.

ಮತ್ತೆ ಗಡಸು

ಕೆಲಸ ಇನ್ನೂ ಮುಗಿದಿಲ್ಲ. ಮೆದು ಉಕ್ಕಿನ ಅಲಗು ಎರಡೇ ದಿನದಲ್ಲಿ ಮೊಂಡಾಗುತ್ತದೆ. ತಾತ ಅಲಗಿನ ಅಂಚನ್ನು ಮಾತ್ರ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದುತ್ತಾರೆ. 'ಚೊಂಯ್' ಎಂದು ಸದ್ದಾಗುತ್ತದೆ. ಈಗ ಅಂಚಿನ ಮೇಲೆ ಅರ ಉಜ್ಜಿದರೆ ಕಚ್ಚುವುದಿಲ್ಲ, ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಅಂಚು ಗಡಸಾಗಿದೆ. ತೂತುಗಳ ಕಡೆ ಉಕ್ಕು ಮೆದುವಾಗಿಯೇ ಉಳಿದಿದೆ.

"ಈಗ ಹೊಲಕ್ಕೆ ಒಯ್ಯೋಣವೆ?" ಎಂದು ಕೇಳುತ್ತೀರಿ.

"ಬೇಡ ಮಗು. ಈಗ ಇದು ಗಾಜಿನ ಹಾಗೆ. ಕಲ್ಲು ತಾಗಿದರೆ ಚಕ್ಕೆ ಏಳುತ್ತದೆ. ಇದಕ್ಕೆ ಹದ ಕೊಡಬೇಕು."

ತಾತ ಅಂಚನ್ನು ಉಜ್ಜಿ ಹೊಳಪು ಮಾಡಿ, ಮತ್ತೆ ಬಹಳ ನಿಧಾನವಾಗಿ ಬಿಸಿ ಮಾಡುತ್ತಾರೆ. ಈ ಸಲ ಕೆಂಪಾಗುವವರೆಗೆ ಅಲ್ಲ. ಹೊಳಪಿನ ಮೇಲೆ ಬಣ್ಣಗಳು ಮೂಡುತ್ತವೆ. ಮೊದಲು ಒಣ ಹುಲ್ಲಿನ ಹಳದಿ. ಅದು ಸುಮಾರು 230 ಡಿಗ್ರಿ. ಆಮೇಲೆ ಕಂದು, ಆಮೇಲೆ ನೇರಳೆ. ಸುಮಾರು 300 ಡಿಗ್ರಿಗೆ ನೀಲಿ. ಚಾಕುವಿಗೆ ಹಳದಿಯಲ್ಲಿ ನಿಲ್ಲಿಸಬೇಕು. ಅದಕ್ಕೆ ಹರಿತ ಮುಖ್ಯ. ಕಲ್ಲು ಮಣ್ಣಿನಲ್ಲಿ ಓಡಾಡುವ ಕುಂಟೆಗೆ ನೀಲಿಯವರೆಗೆ ಬಿಡಬೇಕು. ಅದಕ್ಕೆ ಮುರಿಯದಿರುವುದು ಮುಖ್ಯ. ತಾತನ ಬಳಿ ಬಿಸಿ ಅಳೆಯುವ ಯಂತ್ರವಿಲ್ಲ. ಅವರ ಕಣ್ಣೇ ಯಂತ್ರ.

ಮಧ್ಯಾಹ್ನಕ್ಕೆ ಹೊಸ ಅಲಗು ಕುಂಟೆಗೆ ಕೂಡುತ್ತದೆ. ಮಳೆ ಬರುವುದಕ್ಕೆ ಮೊದಲು ಅಪ್ಪ ಹೊಲದಲ್ಲಿ ಇರುತ್ತಾರೆ.

ಉಕ್ಕಿನ ಒಳಗೆ ಏನಾಗುತ್ತದೆ?

ಅದೇ ಉಕ್ಕು ಒಮ್ಮೆ ಮೆದು, ಒಮ್ಮೆ ಗಡಸು ಆಗುವುದು ಹೇಗೆ? ಉಕ್ಕು ಎಂದರೆ ಕಬ್ಬಿಣ ಮತ್ತು ಸ್ವಲ್ಪ ಇಂಗಾಲ. ಇದ್ದಿಲಿನಲ್ಲಿ ಇರುವುದೂ ಇಂಗಾಲವೇ. ನೂರು ಗ್ರಾಂ ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಸುಮಾರು ಅರ್ಧ ಗ್ರಾಂ ಮಾತ್ರ. ಆದರೆ ಆಟವೆಲ್ಲ ಅದರದೇ.

ನೀವು 'ಸ್ಟ್ಯಾಚ್ಯೂ' ಆಟ ಆಡಿದ್ದೀರಲ್ಲವೆ? ಎಲ್ಲರೂ ಓಡಾಡುತ್ತಿರುವಾಗ 'ಸ್ಟ್ಯಾಚ್ಯೂ' ಎಂದರೆ ಇದ್ದಲ್ಲಿಯೇ ನಿಲ್ಲಬೇಕು. ಉಕ್ಕು ಕೆಂಪಗೆ ಕಾದಾಗ ಇಂಗಾಲದ ಕಣಗಳು ಕಬ್ಬಿಣದ ಕಣಗಳ ನಡುವೆ ಓಡಾಡುತ್ತವೆ. ಬೂದಿಯಲ್ಲಿ ನಿಧಾನವಾಗಿ ಆರಿದರೆ ಅವು ಒಂದೆಡೆ ಸೇರಿ ತಮ್ಮ ಜಾಗದಲ್ಲಿ ಕುಳಿತುಕೊಳ್ಳುತ್ತವೆ. ಆಗ ಉಕ್ಕು ಮೆದು. ಎಣ್ಣೆಯಲ್ಲಿ ಥಟ್ಟನೆ ಅದ್ದಿದರೆ 'ಸ್ಟ್ಯಾಚ್ಯೂ' ಎಂದ ಹಾಗೆ! ಇಂಗಾಲವು ಇದ್ದಲ್ಲಿಯೇ ಸಿಕ್ಕಿಕೊಂಡು ಕಬ್ಬಿಣದ ಕಣಗಳು ಅಲುಗಾಡದಂತೆ ಮಾಡುತ್ತದೆ. ಆಗ ಉಕ್ಕು ಗಡಸು. ಮತ್ತೆ ಸ್ವಲ್ಪ ಬಿಸಿ ಮಾಡಿದಾಗ ಕೆಲವು ಕಣಗಳು ಬಿಡಿಸಿಕೊಳ್ಳುತ್ತವೆ. ಅದೇ ಹದ.

ನಿಮ್ಮ ಮನೆಯ ಹೊಲಿಗೆ ಸೂಜಿಯನ್ನು ನೋಡಿರಿ. ಅಷ್ಟು ಗಡಸಾದ ಸೂಜಿಗೆ ಅಷ್ಟು ಸಣ್ಣ ಕಣ್ಣು ಹೇಗೆ ಬಂತು? ತಂತಿ ಮೆದುವಾಗಿರುವಾಗಲೇ ಕಣ್ಣು ಮಾಡುತ್ತಾರೆ. ಗಡಸು ಮಾಡುವುದು ಆಮೇಲೆ. ಕಮ್ಮಾರ ತಾತ ಹೇಳಿದ್ದೂ ಇದನ್ನೇ.

ಬೇರೆ ದಾರಿ

ಕೆಲವು ವಸ್ತುಗಳನ್ನು ಬೆಂಕಿಗೆ ಹಾಕುವಂತಿಲ್ಲ. ಹಾಕಿದರೆ ಅವುಗಳ ಆಕಾರ, ಅಳತೆ ಕೆಡುತ್ತದೆ. ಆಗ ಎರಡನೆಯ ದಾರಿ ಬೇಕು. ಅದೇ ಹೆಚ್ಚು ಗಟ್ಟಿಯಾದ ಮೊನೆ.

ಗುಜರಾತಿನ ಖಂಭಾತ್ ಎಂಬ ಊರಿನಲ್ಲಿ ಅಕೀಕ ಕಲ್ಲಿನ ಮಣಿಗಳನ್ನು ಮಾಡುತ್ತಾರೆ. ಆ ಮಣಿಗಳಿಗೆ ತೂತು ಹಾಕಲು ಬಿಲ್ಲಿನಿಂದ ತಿರುಗಿಸುವ ಬೈರಿಗೆಯ ತುದಿಗೆ ವಜ್ರದ ಚೂರುಗಳನ್ನು ಕೂಡಿಸುತ್ತಾರೆ. ವಜ್ರವು ಅಕೀಕಕ್ಕಿಂತ ಬಹಳ ಗಟ್ಟಿ.

ಉಕ್ಕಿಗೆ ಇಂದು ಟಂಗ್‌ಸ್ಟನ್ ಕಾರ್ಬೈಡ್ ಎಂಬ ವಸ್ತುವಿನ ಮೊನೆಗಳನ್ನು ಬಳಸುತ್ತಾರೆ. 1920ರ ದಶಕದಲ್ಲಿ ಜರ್ಮನಿಯಲ್ಲಿ ಇದನ್ನು 'ವಿಡಿಯಾ' ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ಜರ್ಮನ್ ಭಾಷೆಯಲ್ಲಿ 'ವಜ್ರದ ಹಾಗೆ' ಎಂಬ ಮಾತಿನಿಂದ ಈ ಹೆಸರು ಬಂದಿದೆ. 1964ರಲ್ಲಿ ವಿಡಿಯಾ ಇಂಡಿಯಾ ಕಂಪನಿ ಹುಟ್ಟಿತು. ಅದರ ಕಾರ್ಖಾನೆ ಇರುವುದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ. ಈಗ ಆ ಕಂಪನಿಯ ಹೆಸರು ಕೆನ್ನಮೆಟಲ್ ಇಂಡಿಯಾ.

ಆದರೆ ಈ ಮೊನೆಗೂ ಒಂದು ದೋಷವಿದೆ. ಅದು ಬಹಳ ಗಟ್ಟಿ, ಆದರೆ ಸ್ವಲ್ಪವೂ ಬಾಗದು. ಕೈ ಅಲುಗಿದರೆ ಸಾಕು, ಮುರಿಯುತ್ತದೆ. ಆದುದರಿಂದ ಬೈರಿಗೆಯನ್ನು ಗಟ್ಟಿಯಾದ ನಿಲುವಿಗೆ ಬಿಗಿಯಬೇಕು. ಉಕ್ಕನ್ನೂ ಅಲುಗದಂತೆ ಬಿಗಿಯಬೇಕು.

ನಮ್ಮ ನಾಡಿನ ಉಕ್ಕು

ಕಮ್ಮಾರ ತಾತನ ವಿದ್ಯೆ ಇಂದಿನದಲ್ಲ. ನಮ್ಮ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯಲ್ಲಿ ಕೋನಸಮುದ್ರಂ ಎಂಬ ಊರಿದೆ. ಹಿಂದೆ ಅಲ್ಲಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನು ಕರಗಿಸಿ ಉತ್ತಮವಾದ ಉಕ್ಕನ್ನು ಮಾಡುತ್ತಿದ್ದರು. ಅದನ್ನು ಕೊಳ್ಳಲು ಪರ್ಷಿಯಾ ದೇಶದ ವರ್ತಕರು ಬರುತ್ತಿದ್ದರು. ಮೂಸೆಯಿಂದ ತೆಗೆದ ಉಕ್ಕಿನ ಗಟ್ಟಿ ಬಹಳ ಗಡಸು. ಅಲ್ಲಿಯ ಕುಶಲಿಗಳು ಅದಕ್ಕೆ ಮಣ್ಣು ಮೆತ್ತಿ, ಗಂಟೆಗಟ್ಟಲೆ ಕುಲುಮೆಯಲ್ಲಿಟ್ಟು ಆರಿಸುತ್ತಿದ್ದರು. ಮೆದುವಾಗದಿದ್ದರೆ ಮತ್ತೆ ಮತ್ತೆ ಹಾಗೆಯೇ ಮಾಡುತ್ತಿದ್ದರು. ಇಟಿಕ್ಯಾಲದ ಬೂದಿಯ ಗುಂಡಿಯ ಕೆಲಸವೂ ಇದೇ ಅಲ್ಲವೆ?

ಕರ್ನಾಟಕ, ತಮಿಳುನಾಡುಗಳಲ್ಲಿಯೂ ಇಂತಹ ಉಕ್ಕನ್ನು ಮಾಡುತ್ತಿದ್ದರು. ಇಂಗ್ಲಿಷರು ಅದನ್ನು 'ವೂಟ್ಜ್' ಎಂದು ಕರೆದರು. ನಮ್ಮ 'ಉಕ್ಕು' ಎಂಬ ಪದವೇ ಅವರ ಬಾಯಲ್ಲಿ ಹಾಗಾಯಿತು ಎಂದು ವಿದ್ವಾಂಸರು ಹೇಳುತ್ತಾರೆ. ಕನ್ನಡದಲ್ಲಿಯೂ ಉಕ್ಕು, ತೆಲುಗಿನಲ್ಲಿಯೂ ಉಕ್ಕು! 1795ರಲ್ಲಿ ಲಂಡನ್ನಿನ ವಿಜ್ಞಾನಿಗಳು ಈ ಉಕ್ಕನ್ನು ಕುರಿತು ಚರ್ಚಿಸಿದರು. ವಿದ್ಯುತ್ತಿನ ಬಗ್ಗೆ ದೊಡ್ಡ ಸಂಶೋಧನೆಗಳನ್ನು ಮಾಡಿದ ಮೈಕೇಲ್ ಫ್ಯಾರಡೆ 1819ರ ಸುಮಾರಿಗೆ ಇದನ್ನು ಪರೀಕ್ಷಿಸಿದರು. ಫ್ಯಾರಡೆಯವರ ತಂದೆ ಕಮ್ಮಾರರು ಎಂಬುದು ನಿಮಗೆ ಗೊತ್ತೆ?

ಮಕ್ಕಳೇ, ಗಟ್ಟಿಯಾದದ್ದರ ಎದುರು ಬಲವೊಂದೇ ಸಾಲದು. ಅದರ ಗುಣವನ್ನು ಅರಿಯಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ತಿಳಿಯಬೇಕು. ಕಾಯುವುದನ್ನೂ ಕಲಿಯಬೇಕು. ಮುಂದೆ ಕುಲುಮೆಯ ಬಳಿ ಹೋದಾಗ ಆ ಕಣ್ಣುಗಳಿಗೆ, ಆ ಕೈಗಳಿಗೆ ಗೌರವದಿಂದ ನಮಸ್ಕಾರ ಹೇಳಿರಿ.

ನೆನಪಿಡಿರಿ
ಬೈರಿಗೆ, ಕುಲುಮೆಗಳ ಕೆಲಸ ದೊಡ್ಡವರದು. ನೀವು ದೂರದಿಂದ ನೋಡಿರಿ. ಕೆಲಸ ಮಾಡುವವರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲೇಬೇಕು. ತಿರುಗುವ ಬೈರಿಗೆಯ ಬಳಿ ಸಡಿಲ ಬಟ್ಟೆ, ಬಿಟ್ಟ ಕೂದಲು, ಕೈಚೀಲ ಇರಬಾರದು. ಉಕ್ಕಿನ ಪುಡಿಯನ್ನು ಕೈಯಿಂದ ಒರೆಸಬಾರದು, ಬಾಯಿಂದ ಊದಬಾರದು. ಕೆಂಪು ಬಣ್ಣ ಹೋದ ಮೇಲೂ ಉಕ್ಕು ಬಹಳ ಹೊತ್ತು ಸುಡುತ್ತದೆ.

ಪದಗಳ ಅರ್ಥ
ಹದ - ತಕ್ಕ ಸ್ಥಿತಿ
ಗಡಸು - ಬಹಳ ಗಟ್ಟಿತನ
ಬೈರಿಗೆ - ತೂತು ಕೊರೆಯುವ ಸಾಧನ
ಅರ - ಲೋಹವನ್ನು ಉಜ್ಜುವ ಸಾಧನ
ಕುಲುಮೆ - ಕಮ್ಮಾರನ ಒಲೆ
ಅಡಿಗಲ್ಲು - ಕಾದ ಲೋಹವನ್ನು ಇಟ್ಟು ಬಡಿಯುವ ಆಧಾರ
ಮೂಸೆ - ಲೋಹ ಕರಗಿಸುವ ಮಣ್ಣಿನ ಪಾತ್ರೆ
ಮೊಂಡು - ಹರಿತವಿಲ್ಲದ್ದು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಇಟಿಕ್ಯಾಲದ ಸೀಮೆಯನ್ನು ನಡಿಗಡ್ಡ ಎಂದು ಏಕೆ ಕರೆಯುತ್ತಾರೆ?
2. ಅಪ್ಪನ ಬೈರಿಗೆಯ ಮೊನೆ ಏಕೆ ಮುರಿಯಿತು?
3. ಪಟ್ಟಿ ಸಾಕಷ್ಟು ಕಾದಿದೆ ಎಂದು ತಾತ ಹೇಗೆ ತಿಳಿದರು?
4. ಸೂಜಿಯ ಕಣ್ಣನ್ನು ಯಾವಾಗ ಮಾಡುತ್ತಾರೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕೆಂಪಗೆ ಕಾದ ಉಕ್ಕನ್ನು ಬೂದಿಯಲ್ಲಿ ಹೂತರೆ ಏನಾಗುತ್ತದೆ? ಎಣ್ಣೆಯಲ್ಲಿ ಅದ್ದಿದರೆ ಏನಾಗುತ್ತದೆ?
2. ಚಾಕುವಿಗೂ ಕುಂಟೆಯ ಅಲಗಿಗೂ ಬೇರೆ ಬೇರೆ ಹದ ಏಕೆ ಬೇಕು?
3. ಅಪ್ಪ ಮೊದಲ ದಿನವೇ ಕಮ್ಮಾರ ತಾತನ ಬಳಿಗೆ ಹೋಗಿದ್ದರೆ ಏನು ಉಳಿಯುತ್ತಿತ್ತು?

ಇ. ಬಿಟ್ಟ ಸ್ಥಳ ತುಂಬಿರಿ.
1. ಗಟ್ಟಿಯಾದದ್ದು ______ ವಾದದ್ದನ್ನು ಕೊರೆಯುತ್ತದೆ.
2. ಉಕ್ಕು ಎಂದರೆ ಕಬ್ಬಿಣ ಮತ್ತು ಸ್ವಲ್ಪ ______.
3. ಖಂಭಾತಿನ ಬೈರಿಗೆಯ ತುದಿಗೆ ______ ಚೂರುಗಳಿರುತ್ತವೆ.

ಈ. ಈ ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಬರೆಯಿರಿ.
ತೂತು ಹಾಕುವುದು, ಎಣ್ಣೆಯಲ್ಲಿ ಅದ್ದುವುದು, ಬೂದಿಯಲ್ಲಿ ಹೂಳುವುದು, ಬಣ್ಣ ನೋಡಿ ಹದ ಕೊಡುವುದು, ಪಂಚಿನಿಂದ ಗುಳಿ ಮಾಡುವುದು.

ಉ. ಮಾಡಿ ನೋಡಿರಿ.
ಸಾಬೂನು, ಮೇಣದ ಬತ್ತಿ, ಬಳಪ, ಅಂಗಳದ ಕಲ್ಲು ಇವುಗಳನ್ನು ಉಗುರಿನಿಂದ ಗೀರಿ ನೋಡಿರಿ. ಯಾವುದರ ಮೇಲೆ ಗೆರೆ ಬಿತ್ತು, ಯಾವುದರ ಮೇಲೆ ಬೀಳಲಿಲ್ಲ ಎಂದು ಪಟ್ಟಿ ಮಾಡಿರಿ.

ಊ. ಕೇಳಿ ತಿಳಿಯಿರಿ.
ನಿಮ್ಮ ಊರಿನಲ್ಲಿ ಕುಲುಮೆ ಇದೆಯೆ? ಈಗ ಇಲ್ಲದಿದ್ದರೆ ಹಿಂದೆ ಎಲ್ಲಿತ್ತು? ಅಲ್ಲಿ ಏನೇನು ಮಾಡುತ್ತಿದ್ದರು? ಮನೆಯ ಹಿರಿಯರನ್ನು ಕೇಳಿ ಐದು ವಾಕ್ಯಗಳನ್ನು ಬರೆದು ತರಗತಿಯಲ್ಲಿ ಓದಿರಿ.